ಕಾಡಿನ ಬಾಗಿಲಲ್ಲಿ 120 ಗಂಟೆಯ ಪಾಠ

* ಡಿಗ್ರಿ ಮಕ್ಕಳ ಇಂಟರ್ನ್‌ಶಿಪ್‌ಗೆ ಕಂಪನಿ ಗೇಟೊಂದೇ ದಾರಿಯಲ್ಲ
* ಪ್ರಕೃತಿ ಶಿಕ್ಷಣ ಕೇಂದ್ರಗಳಲ್ಲೂ ಕಲಿಯಲು ಅವಕಾಶ
* ಕನ್ನಡ ಬಲ್ಲವರಿಗೆ ಅಲ್ಲಿ ಮಾಡಲು ಬೇಕಾದಷ್ಟಿದೆ

ಝುವಾರಿನಗರ: ‘ಇಂಟರ್ನ್‌ಶಿಪ್ ಅಂದ್ರ ಏನು? ಪಗಾರ ಕೊಡ್ತಾರೇನು?’

ಡಿಗ್ರಿ ಓದುವ ಮಗನೋ ಮಗಳೋ ಇರುವ ಇಲ್ಲಿನ ಕನ್ನಡ ಮನೆಗಳಲ್ಲಿ ಈಗ ಏಳುವ ಪ್ರಶ್ನೆ ಇದು. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳದ ಕಡೆಯಿಂದ ಬಂದು ಕಾರ್ಖಾನೆ, ಬಂದರು, ಕಟ್ಟಡದ ಕೆಲಸ ನೆಚ್ಚಿ ಇಲ್ಲೇ ಬೇರು ಬಿಟ್ಟ ಕುಟುಂಬಗಳಿವು. ಅನೇಕ ಮನೆಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ತಲೆಮಾರು ಇದೇ. ‘ಎಲ್ಲಿ ಹೋಗೋದು, ಯಾರನ್ನ ಕೇಳೋದು’ ಎಂದು ದಾರಿ ತೋರಿಸಲು ಮನೆಯಲ್ಲಿ ಹಿರಿಯರಿಗೂ ಗೊತ್ತಿಲ್ಲ.

ಗೋವಾ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ 2023-24ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿ ಪಾಠ ಶುರುವಾಯಿತು. ಅದರ ಜತೆ ಇಂಟರ್ನ್‌ಶಿಪ್ ಕೂಡ ಓದಿನ ಭಾಗವಾಯಿತು. ಯುಜಿಸಿ ಲೆಕ್ಕದಲ್ಲಿ ಇಂಟರ್ನ್‌ಶಿಪ್‌ನ ಒಂದು ಕ್ರೆಡಿಟ್‌ಗೆ 30 ಗಂಟೆ ಕೆಲಸ. ನಾಲ್ಕು ಕ್ರೆಡಿಟ್ ಬೇಕೆಂದರೆ 120 ಗಂಟೆ. ಗಡಿಯಾಚೆ ಬೆಳಗಾವಿ, ಧಾರವಾಡ, ಕಾರವಾರದಲ್ಲಿ ಓದುವ ಮಕ್ಕಳ ಲೆಕ್ಕ ಬೇರೆ. ಕರ್ನಾಟಕ 2024-25ರಿಂದ ಆ ನೀತಿಯ ಚೌಕಟ್ಟು ಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆ. ಹಾಗಾಗಿ ನಿಮ್ಮ ಮಕ್ಕಳಿಗೆ ಎಷ್ಟು ಗಂಟೆ, ಯಾವ ಸೆಮಿಸ್ಟರ್ ಎಂಬುದನ್ನು ಅವರವರ ಕಾಲೇಜಿನಲ್ಲೇ ಕೇಳಿ ತಿಳಿಯುವುದು ಒಳ್ಳೆಯದು.

ಇಂಟರ್ನ್‌ಶಿಪ್ ಎಂಬುದು ಝುವಾರಿನಗರಕ್ಕೇನೂ ಹೊಸದಲ್ಲ. ಗುಡ್ಡದ ಮೇಲೆ 2004ರಲ್ಲಿ ಶುರುವಾದ ಬಿಟ್ಸ್ ಪಿಲಾನಿ ಕ್ಯಾಂಪಸ್‌ನಲ್ಲಿ ‘ಪ್ರಾಕ್ಟೀಸ್ ಸ್ಕೂಲ್’ ಎಂಬ ಹೆಸರಲ್ಲಿ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕಂಪನಿ, ಸಂಶೋಧನಾಲಯಗಳಿಗೆ ಹೋಗಿ ಕಲಿಯುತ್ತಾರೆ. ಆ ಸಂಸ್ಥೆಯಲ್ಲಿ ಈ ಪದ್ಧತಿಗೆ ಅರ್ಧ ಶತಮಾನದ ಇತಿಹಾಸವಿದೆ. ಆದರೆ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವ ಸಾಮಾನ್ಯ ಮನೆಯ ಮಕ್ಕಳಿಗೆ ಇದು ಹೊಸ ಅನುಭವ. ಎಲ್ಲರ ಕಣ್ಣೂ ಕಾರ್ಖಾನೆ, ಬ್ಯಾಂಕು, ಆಡಿಟರ್ ಆಫೀಸು, ಹೋಟೆಲ್ ಕಡೆಗೇ ಹೊರಳುತ್ತದೆ. ಇನ್ನೊಂದು ಬಾಗಿಲೂ ಇದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಅದು ಪ್ರಕೃತಿ ಶಿಕ್ಷಣ ಕೇಂದ್ರಗಳ ಬಾಗಿಲು.

ಗಿಡ ತೋರಿಸಲು ಡಿಗ್ರಿ ಬೇಕೆ?

‘ಗಿಡ-ಗುಬ್ಬಿ ತೋರ್ಸಾಕ ಕಾಲೇಜ್ ಕಲೀಬೇಕೇನು?’ ಎಂದು ಹಿರಿಯರು ನಗಬಹುದು. ನ್ಯಾಯವಾದ ಪ್ರಶ್ನೆಯೇ. ಉತ್ತರವೂ ಇದೆ.

ಪರಿಸರ ಶಿಕ್ಷಣ ಎಂಬುದು ಶಾಲೆಯ ಚಿತ್ರಕಲೆ ಸ್ಪರ್ಧೆಗೆ ನಿಂತ ವಿಷಯವಲ್ಲ. ಯುನೆಸ್ಕೊ 1977ರಲ್ಲಿ ಟಿಬಿಲಿಸಿ ನಗರದಲ್ಲಿ ನಾನಾ ದೇಶಗಳ ಸರಕಾರಗಳನ್ನು ಸೇರಿಸಿ ಇದಕ್ಕೆಂದೇ ಸಮ್ಮೇಳನ ನಡೆಸಿತ್ತು. ನಮ್ಮಲ್ಲಿ 1984ರಲ್ಲಿ ಅಹಮದಾಬಾದಿನಲ್ಲಿ ಪರಿಸರ ಶಿಕ್ಷಣ ಕೇಂದ್ರ, ಅಂದರೆ ಸಿಇಇ ಶುರುವಾಯಿತು. ಎಂ.ಸಿ. ಮೆಹ್ತಾ ಎಂಬ ವಕೀಲರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಶಾಲೆ, ಕಾಲೇಜುಗಳಲ್ಲಿ ಪರಿಸರ ಪಾಠ ಕಡ್ಡಾಯವಾಗಬೇಕು ಎಂದು ಹೇಳಿತು. ಕಾಲೇಜಿನಲ್ಲಿ ಯಾವ ಕೋರ್ಸ್ ಓದಿದರೂ ಒಂದು ಪರಿಸರ ಪೇಪರ್ ಬರೆಯಬೇಕಾಗಿ ಬಂದದ್ದು ಇದರಿಂದಲೇ.

ಪೇಪರ್ ಬರೆದದ್ದಾಯಿತು, ಪಾಸೂ ಆಯಿತು. ಆದರೆ ಪುಸ್ತಕದಲ್ಲಿ ‘ಕಾಂಡ್ಲಾ ಕಾಡು’ ಎಂದು ಓದಿದ ಹುಡುಗ, ದಿನಾ ಬಸ್ಸಿನ ಕಿಟಕಿಯಿಂದ ಝುವಾರಿ ನದಿಯ ದಂಡೆಯಲ್ಲಿ ನೋಡುವ ಹಸಿರು ಪೊದೆ ಅದೇ ಎಂದು ಗುರುತಿಸಬೇಕಲ್ಲ! ಪುಸ್ತಕಕ್ಕೂ ದಂಡೆಗೂ ನಡುವಿನ ಈ ಅಂತರ ತುಂಬುವುದೇ ಪ್ರಕೃತಿ ಕೇಂದ್ರಗಳ ಕೆಲಸ. ಅಲ್ಲಿ ಬರುವ ಮಕ್ಕಳಿಗೆ, ಪ್ರವಾಸಿಗರಿಗೆ ಕಾಡು ಏನು ಹೇಳುತ್ತಿದೆ ಎಂಬುದನ್ನು ಅವರ ಮಾತಿನಲ್ಲಿ ಹೇಳುವವರು ಬೇಕು. ಇಂಟರ್ನ್‌ಗಳು ಕಲಿಯುವುದು ಆ ಹೇಳುವ ವಿದ್ಯೆಯನ್ನು.

ಎಲ್ಲೆಲ್ಲಿ ಇವೆ?

ಝುವಾರಿನಗರದಲ್ಲೇ ಇಂಥ ಕೇಂದ್ರವಿಲ್ಲ. ಆದರೆ ಬಸ್ಸಿನ ದಾರಿಯಲ್ಲಿ ಸಾಕಷ್ಟು ತಾಣಗಳಿವೆ.

ಪಣಜಿ ದಾಟಿ ರಿಬಂದರ್‌ನಲ್ಲಿ ಫೆರಿ ಹತ್ತಿದರೆ ಚೋರಾವ್ ದ್ವೀಪ. ಅಲ್ಲಿ ಡಾ. ಸಲೀಂ ಅಲಿ ಹೆಸರಿನ ಪಕ್ಷಿಧಾಮವಿದೆ. 1988ರಲ್ಲಿ ಘೋಷಣೆಯಾದ ಇದರ ವಿಸ್ತಾರ 178 ಹೆಕ್ಟೇರ್ ಮಾತ್ರ. ಕಾಂಡ್ಲಾ ಗಿಡಗಳ ಬೇರಿನ ನಡುವೆ ಕೆಸರಲ್ಲಿ ಕುಪ್ಪಳಿಸುವ ಮೀನು, ಏಡಿ, ಮಿಂಚುಳ್ಳಿ, ಬೆಳ್ಳಕ್ಕಿ ಕಾಣಬಹುದು. ಫೋಂಡಾ ತಾಲೂಕಿನ ಕಡೆ ಬೋಂಡ್ಲಾ ಅಭಯಾರಣ್ಯ. ಸುಮಾರು 8 ಚದರ ಕಿ.ಮೀ.ನ ಈ ಪುಟ್ಟ ಕಾಡಿನಲ್ಲಿ ಮೃಗಾಲಯ, ಸಸ್ಯೋದ್ಯಾನ, ಪ್ರಕೃತಿ ಶಿಕ್ಷಣ ಕೇಂದ್ರ ಮೂರೂ ಇವೆ. ಗೋವೆಯ ಶಾಲೆಗಳ ಪಿಕ್ನಿಕ್ ಎಂದರೆ ಬಹಳ ಮಂದಿಗೆ ಮೊದಲು ನೆನಪಾಗುವ ಜಾಗ. ದಕ್ಷಿಣಕ್ಕೆ ಕಾಣಕೋಣ ತಾಲೂಕಿನಲ್ಲಿ, ಕಾರವಾರ ಗಡಿಗೆ ಹತ್ತಿರ, ಕೋಟಿಗಾವ್ ಅಭಯಾರಣ್ಯವಿದೆ. ಅದರ ಬಾಗಿಲಲ್ಲೇ ಪ್ರಕೃತಿ ಮಾಹಿತಿ ಕೇಂದ್ರ. ಕುಡಚಡೆಯ ನಂದಾ ಕೆರೆ 2022ರಲ್ಲಿ ಗೋವೆಯ ಮೊದಲ ರಾಮ್ಸರ್ ತಾಣವಾಯಿತು. ಜಗತ್ತಿನ ಮಹತ್ವದ ಜೌಗು ಭೂಮಿಗಳ ಪಟ್ಟಿಗೆ ಸೇರಿದ ಕೆರೆ ಎಂದರ್ಥ.

ರಜೆಯಲ್ಲಿ ಊರಿಗೆ ಹೋಗುವವರಿಗೆ ಅಲ್ಲೂ ದಾರಿಗಳಿವೆ. ಬೆಳಗಾವಿ ಸಮೀಪದ ಭೂತರಾಮನಹಟ್ಟಿ, ಗದುಗಿನ ಬಿಂಕದಕಟ್ಟಿ ಮೃಗಾಲಯಗಳು ಊರ ಬಾಗಿಲಲ್ಲೇ ಇವೆ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಆ ಕೆರೆಯೂ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದೆ. ಇನ್ನೂ ದೂರ ಹೋಗಬಲ್ಲವರಿಗೆ ಆಗುಂಬೆ ಇದೆ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರ ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರುವಾಸಿ. ಸಿಇಇ, ಡಬ್ಲ್ಯುಡಬ್ಲ್ಯುಎಫ್-ಇಂಡಿಯಾ, ಮುಂಬಯಿಯ ಬಿಎನ್‌ಎಚ್‌ಎಸ್‌ನಂಥ ಸಂಸ್ಥೆಗಳೂ ವಿದ್ಯಾರ್ಥಿಗಳನ್ನು ಇಂಟರ್ನ್‌ಗಳಾಗಿ ತೆಗೆದುಕೊಳ್ಳುವುದುಂಟು.

ಒಂದು ಮಾತು ನೆನಪಿರಲಿ. ಅಭಯಾರಣ್ಯಗಳು ಅರಣ್ಯ ಇಲಾಖೆಯ ಸುಪರ್ದಿಯಲ್ಲಿವೆ. ಅಲ್ಲಿ ಇಂಟರ್ನ್‌ಶಿಪ್ ಎಂಬ ಬೋರ್ಡ್ ನೇತು ಹಾಕಿರುವುದಿಲ್ಲ. ಕಾಲೇಜಿನ ಪತ್ರದೊಂದಿಗೆ ಮುಂಚಿತವಾಗಿ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಕಾಡಿನೊಳಗೆ ಸಮೀಕ್ಷೆ, ಸಂಶೋಧನೆ ಎಂದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದರೆ ರಜೆಯೇ ಮುಗಿದಿರುತ್ತದೆ!

ದಿನದ ಕೆಲಸ ಹೀಗಿರುತ್ತದೆ

ಪ್ರಕೃತಿ ಕೇಂದ್ರದ ಇಂಟರ್ನ್ ಎಂದರೆ ಕ್ಯಾಮೆರಾ ಹಿಡಿದು ಹುಲಿ ಹುಡುಕುವವರು ಎಂಬ ಕಲ್ಪನೆ ಹಲವರಲ್ಲಿದೆ. ನಿಜದಲ್ಲಿ ಕೆಲಸ ಬೇರೆ.

ಬೆಳಿಗ್ಗೆ ಜನ ಬರುವ ಮೊದಲು ಕಾಲುದಾರಿಯಲ್ಲಿ ಒಂದು ಸುತ್ತು. ಮುರಿದು ಬಿದ್ದ ಕೊಂಬೆ ಇದೆಯೇ, ಹೊಸ ಹೆಜ್ಜೆ ಗುರುತು ಇದೆಯೇ, ಯಾವ ಮರ ಹೂ ಬಿಟ್ಟಿದೆ ಎಂದು ನೋಡಿ ಬರೆದಿಡಬೇಕು. ಬಳಿಕ ಶಾಲಾ ಮಕ್ಕಳ ಬಸ್ಸು ಬರುತ್ತದೆ. ನಲವತ್ತು ಮಕ್ಕಳು, ನಲವತ್ತು ಪ್ರಶ್ನೆ. ‘ಹುಲಿ ಎಲ್ಲೈತ್ರಿ?’ ಎಂಬುದೇ ಮೊದಲ ಪ್ರಶ್ನೆ. ಹುಲಿ ಕಾಣದಿದ್ದರೂ ಮಕ್ಕಳು ನಿರಾಶರಾಗಿ ಮರಳದಂತೆ ಮಾಡುವುದರಲ್ಲೇ ಇದೆ ಜಾಣ್ಮೆ.

ಇಂಥ ಕಡೆ ಆಡಿಸುವ ಒಂದು ಸರಳ ಆಟ ನೋಡಿ. ಮಕ್ಕಳನ್ನು ವೃತ್ತವಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಒಂದೊಂದು ಹೆಸರು. ಒಬ್ಬ ಭತ್ತ, ಒಬ್ಬ ಮಿಡತೆ, ಒಬ್ಬ ಕಪ್ಪೆ, ಒಬ್ಬ ಹಾವು, ಒಬ್ಬ ಗರುಡ. ಯಾರನ್ನು ಯಾರು ತಿನ್ನುತ್ತಾರೆ ಎಂದು ಹೇಳುತ್ತ ಉಣ್ಣೆಯ ದಾರ ಕೈಯಿಂದ ಕೈಗೆ ಸಾಗುತ್ತದೆ. ಬಲೆ ಬಿಗಿಯಾಗುತ್ತದೆ. ಈಗ ‘ಕಪ್ಪೆ ಕೈಬಿಡಲಿ’ ಎಂದರೆ ಸಾಕು, ಎಲ್ಲರ ಕೈಯ ದಾರವೂ ಸಡಿಲ! ಗೋವೆಯಲ್ಲಿ ಈ ಆಟಕ್ಕೆ ಬೇರೆಯೇ ಅರ್ಥವಿದೆ. ಮಳೆಗಾಲ ಶುರುವಾದರೆ ಗದ್ದೆ ಕಪ್ಪೆಗಳನ್ನು ಹಿಡಿದು ‘ಜಂಪಿಂಗ್ ಚಿಕನ್’ ಎಂದು ಮಾರುವ ಚಟ ಇಲ್ಲಿ ಹಳೆಯದು. ವನ್ಯಜೀವಿ ಕಾಯಿದೆಯಡಿ ಇದು ಅಪರಾಧ. ಕಪ್ಪೆ ಹೋದರೆ ಗದ್ದೆಯಲ್ಲಿ ಹುಳ ಹೆಚ್ಚುತ್ತದೆ ಎಂಬುದನ್ನು ಭಾಷಣದಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ದಾರ ಸಡಿಲವಾದಾಗ ತಾವೇ ಹೇಳುತ್ತಾರೆ.

ಇದಲ್ಲದೆ ಫಲಕ ಬರೆಯುವುದು, ಕರಪತ್ರ ತಯಾರಿಸುವುದು, ಹಕ್ಕಿ ಎಣಿಕೆಯ ಲೆಕ್ಕ ಇಡುವುದು, ಹಸಿ ಕಸ-ಒಣ ಕಸ ಬೇರ್ಪಡಿಸಿ ಗೊಬ್ಬರ ಮಾಡಿ ತೋರಿಸುವುದು, ಬಂದವರ ಅಭಿಪ್ರಾಯ ಸಂಗ್ರಹಿಸುವುದು ಎಲ್ಲವೂ ಕೆಲಸವೇ. ಹೀಗಾಗಿ ಇದು ವಿಜ್ಞಾನ ಓದುವವರಿಗೆ ಮಾತ್ರ ಎಂದು ಬಿ.ಕಾಂ., ಬಿ.ಎ. ಮಕ್ಕಳು ಹಿಂಜರಿಯಬೇಕಿಲ್ಲ. ಲೆಕ್ಕ ಬಲ್ಲವರೂ ಬೇಕು, ಬರೆಯಬಲ್ಲವರೂ ಬೇಕು, ಮಾತು ಬಲ್ಲವರಂತೂ ಬೇಕೇ ಬೇಕು.

ಕನ್ನಡಕ್ಕೇನು ಕೆಲಸ?

ಇಲ್ಲಿಯೇ ಝುವಾರಿನಗರದ ಮಕ್ಕಳ ಕೈಯಲ್ಲಿ ಬೇರೆಯವರಲ್ಲಿಲ್ಲದ ಬಂಡವಾಳ ಇರುವುದು.

ಶನಿವಾರ, ಭಾನುವಾರ ಬಂತೆಂದರೆ ಹುಬ್ಬಳ್ಳಿ, ಬೆಳಗಾವಿ, ಕಾರವಾರದ ಕಡೆಯಿಂದ ಗೋವೆಗೆ ಬರುವ ಗಾಡಿಗಳಿಗೆ ಲೆಕ್ಕವಿಲ್ಲ. ಅವರಿಗೆ ಬೀಚು ಗೊತ್ತು, ದೂಧಸಾಗರ ಗೊತ್ತು. ಕಾಡಿನ ಫಲಕಗಳ ಇಂಗ್ಲಿಷ್ ಮಾತ್ರ ಮನೆಯ ಅಜ್ಜಿಗೆ, ಸಣ್ಣ ಮಕ್ಕಳಿಗೆ ಹತ್ತುವುದಿಲ್ಲ. ಇಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿಗೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಕೊಂಕಣಿ. ನಾಲ್ಕು ಭಾಷೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಗೋವೆಯ ರಾಜ್ಯ ಪ್ರಾಣಿಯನ್ನು ‘ಇಂಡಿಯನ್ ಗೌರ್’ ಎಂದರೆ ಕಣ್ಣು ಮಿಟುಕಿಸುವ ಅಜ್ಜಿ, ‘ಕಾಡುಕೋಣ ಬೇ ಆಯಿ’ ಎಂದರೆ ತನ್ನೂರಿನ ಕಥೆಯನ್ನೇ ಬಿಚ್ಚುತ್ತಾಳೆ. ರಾಜ್ಯ ಪಕ್ಷಿ ಎಂದರೆ ಕೆಂಪು ಕೊರಳಿನ ಪಿಕಳಾರ. ಹೀಗೆ ಒಂದೊಂದೇ ಹೆಸರು ಎರಡೂ ಭಾಷೆಯಲ್ಲಿ ಕೂಡಿಸಿ ಬರೆದಿಟ್ಟರೆ ಅದೇ ಒಂದು ಇಂಟರ್ನ್‌ಶಿಪ್ ಪ್ರಾಜೆಕ್ಟ್.

ನದಿಯ ಕಥೆಯೂ ಹಾಗೆಯೇ. ಖಾನಾಪುರ ತಾಲೂಕಿನ ಕಾಡಲ್ಲಿ ಹುಟ್ಟುವ ಮಹದಾಯಿ ಗೋವೆಯಲ್ಲಿ ಮಾಂಡೋವಿಯಾಗಿ ಚೋರಾವ್ ದ್ವೀಪವನ್ನು ಬಳಸಿ ಪಣಜಿಯಲ್ಲಿ ಕಡಲು ಸೇರುತ್ತದೆ. ಆ ಹೆಸರೆತ್ತಿದರೆ ಎರಡೂ ಕಡೆ ಮಾತು ಬಿಸಿಯಾಗುವುದು ಎಲ್ಲರಿಗೂ ಗೊತ್ತು. ಆದರೆ ಭೀಮಗಡದ ಕಾಡಿನ ಮಳೆಹನಿಯೇ ಚೋರಾವ್‌ನ ಕೆಸರುಮೀನಿಗೂ ಬೇಕು ಎಂಬುದನ್ನು ಜಗಳವಿಲ್ಲದೆ ಹೇಳಲು, ಎರಡೂ ಕಡೆಯ ಮಾತು ಬಲ್ಲವರೇ ಆಗಬೇಕು.

ಪಾಠ ಇರುವುದು ಕಾಡಲ್ಲಿ ಮಾತ್ರವೆ?

ದೂರದ ಅಭಯಾರಣ್ಯಕ್ಕೆ ಹೋಗಲಾಗದವರಿಗೆ ಊರಿನ ಸುತ್ತಲೇ ಕಲಿಯುವುದು ಬಹಳ ಇದೆ. ಕಂಡಕ್ಟರುಗಳು ಇಂದಿಗೂ ‘ಬಿರ್ಲಾ’ ಎಂದು ಕೂಗುವ ಈ ಊರಿಗೆ ಗುರುತು ಬಂದದ್ದೇ ಗೊಬ್ಬರದ ಕಾರ್ಖಾನೆಯಿಂದ. ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1973ರಲ್ಲಿ. ಅದರ ತ್ಯಾಜ್ಯದಿಂದ ಕಡಲಲ್ಲಿ ಮೀನು ಸತ್ತವು ಎಂದು 70ರ ದಶಕದಲ್ಲಿ ಸುತ್ತಲಿನ ಜನ ಬೀದಿಗಿಳಿದರು. ಆ ಹೋರಾಟದ ಮುಂಚೂಣಿಯಲ್ಲಿದ್ದವರು ಮೀನುಗಾರರ ನಾಯಕ, ಮುಂದೆ ಸಚಿವರೂ ಆದ ಮತಾನಿ ಸಲ್ಡಾನ್ಹಾ. ಗೋವೆಯ ಪರಿಸರ ಚಳವಳಿಯ ಮೊದಲ ಅಧ್ಯಾಯಗಳಲ್ಲಿ ಒಂದು ಅದು. ಕಾರ್ಖಾನೆ 2022ರಲ್ಲಿ ಪಾರಾದೀಪ್ ಫಾಸ್ಫೇಟ್ಸ್ ಕಂಪನಿಯ ಕೈಗೆ ಹೋಯಿತು. ಅದೇ ಕಾರ್ಖಾನೆಯಲ್ಲಿ ಬೆವರು ಸುರಿಸಿದ ಕನ್ನಡದ ಕುಟುಂಬಗಳ ಮೊಮ್ಮಕ್ಕಳು ಅನ್ನ ಕೊಟ್ಟ ಗೇಟು, ಮೀನುಗಾರರ ಸಂಕಟ ಎರಡನ್ನೂ ಒಟ್ಟಿಗೆ ಹೇಳಬಲ್ಲವರು.

ಪಕ್ಕದ ಚಿಖಲಿ, ಸಾಂಕವಾಳದ ಕೊಲ್ಲಿಯಲ್ಲಿ ತೆಳ್ಳನೆಯ ಚಪ್ಪಟೆ ಚಿಪ್ಪೊಂದು ಬೆಳೆಯುತ್ತದೆ. ಬೆಳಕು ಹಾಯುವಷ್ಟು ತೆಳು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಗೋವೆಯ ಹಳೆ ಮನೆಗಳ ಕಿಟಕಿಗೆ ಕೂರಿಸುತ್ತಿದ್ದುದು ಇದೇ ಚಿಪ್ಪನ್ನು. ಕಾನೂನಿನ ರಕ್ಷಣೆ ಪಡೆದ ಈ ಜೀವಿಯ ಹೆಸರನ್ನು ಎಷ್ಟು ಮಕ್ಕಳು ಕೇಳಿದ್ದಾರೆ? 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ, ಊರಿನ ಗಿಡ-ಪ್ರಾಣಿಗಳ ದಾಖಲೆ ಪುಸ್ತಕ ಇರಬೇಕು. ಈ ಪುಸ್ತಕದ ಕಲ್ಪನೆ ಬೆಳೆಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳ್ ಪ್ರಮುಖರು. ಆ ದಾಖಲೆಗೆ ನಾಲ್ಕು ಪುಟ ಸೇರಿಸುವುದೂ ಇಂಟರ್ನ್‌ಶಿಪ್ ಆಗಬಲ್ಲದು, ಕಾಲೇಜು ಒಪ್ಪಿದರೆ.

ಮಾತನಾಡಬಲ್ಲ ಯುವಕರಿಂದ ಏನಾದೀತು ಎಂಬುದಕ್ಕೆ ಮೊಲ್ಲೆಂ ಸಾಕ್ಷಿ. ಭಗವಾನ್ ಮಹಾವೀರ ಅಭಯಾರಣ್ಯದ ಮೂಲಕ ರೈಲು ಜೋಡಿಹಳಿ, ವಿದ್ಯುತ್ ಮಾರ್ಗ, ಹೆದ್ದಾರಿ ಯೋಜನೆಗಳು ಬಂದಾಗ 2020ರಲ್ಲಿ ವಿದ್ಯಾರ್ಥಿಗಳು, ಯುವ ವಿಜ್ಞಾನಿಗಳು, ಕಲಾವಿದರು ಸೇರಿ ಆ ಕಾಡಿನ ಬೆಲೆ ಏನೆಂದು ಜನರಿಗೆ ತಿಳಿಸಿದರು. ತಿನೈಘಾಟ್-ಕ್ಯಾಸಲ್‌ರಾಕ್-ಕುಳೆಂ ಜೋಡಿಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ನಮ್ಮವರು ಊರಿಂದ ವಾಸ್ಕೋಗೆ ಬಂದಿಳಿಯುವ ರೈಲು ಹಾದುಬರುವುದು ಇದೇ ಘಟ್ಟವನ್ನು.

ದುಡ್ಡಿನ ಮಾತು

ಇಷ್ಟೆಲ್ಲ ಸರಿ, ಪಗಾರ? ಹೆಚ್ಚಿನ ಕಡೆ ಇಲ್ಲ. ಕೆಲವು ಸಂಸ್ಥೆಗಳು ಊಟ, ವಸತಿ ಅಥವಾ ಅಲ್ಪ ಗೌರವಧನ ಕೊಡಬಹುದು. ಮಗ ರಜೆಯಲ್ಲಿ ನಾಲ್ಕು ಕಾಸು ದುಡಿದು ಫೀಗೆ ಕೂಡಿಸಬೇಕಾದ ಮನೆಗೆ ಇದು ಸಣ್ಣ ಮಾತಲ್ಲ. ‘ಕಾಡಿನ ಪ್ರೀತಿ ಹೊಟ್ಟೆ ತುಂಬಸ್ತದೇನು?’ ಎಂದು ಅಪ್ಪ ಕೇಳಿದರೆ ತಪ್ಪು ಹುಡುಕಲಾಗದು.

ಆದರೆ 120 ಗಂಟೆಯನ್ನು ಒಂದೇ ಗಂಟಾಗಿ ಕೊಡಬೇಕಿಲ್ಲ. ವಾರಕ್ಕೊಂದು ದಿನ, ದಿನಕ್ಕೆ 8 ಗಂಟೆ ಎಂದರೆ 15 ವಾರದಲ್ಲಿ ಲೆಕ್ಕ ಚುಕ್ತಾ. ಉಳಿದ ದಿನ ಓದು, ದುಡಿಮೆ ಎರಡೂ ನಡೆಯುತ್ತವೆ. ಪ್ರಕೃತಿ ಕೇಂದ್ರಗಳಿಗೆ ಜನ ಬರುವುದೇ ಭಾನುವಾರ, ರಜಾ ದಿನಗಳಲ್ಲಿ. ಕಾಲೇಜು ಒಪ್ಪುವುದಾದರೆ ಇಬ್ಬರಿಗೂ ಅನುಕೂಲ. ಬಸ್ ಖರ್ಚನ್ನಾದರೂ ಕೊಡುತ್ತೀರಾ ಎಂದು ಮೊದಲೇ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಇದು ಮಾಡಿದರೆ ನೌಕರಿ ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜಂಗಲ್ ಲಾಡ್ಜಸ್‌ನಂಥ ಕಡೆ ಪ್ರಕೃತಿ ಮಾರ್ಗದರ್ಶಿಯ ಕೆಲಸ, ಪರಿಸರ ಪ್ರವಾಸೋದ್ಯಮ, ಅರಣ್ಯ ಇಲಾಖೆಯ ಪರೀಕ್ಷೆ, ಶಿಕ್ಷಕ ವೃತ್ತಿ ಇವಕ್ಕೆಲ್ಲ ಈ ಅನುಭವ ಒಂದು ಮೆಟ್ಟಿಲು ಅಷ್ಟೆ. ಆದರೆ ಯಾವ ಕೆಲಸಕ್ಕೆ ಹೋದರೂ ಉಪಯೋಗಕ್ಕೆ ಬರುವ ಒಂದು ವಿದ್ಯೆ ಇಲ್ಲಿ ಸಿಗುತ್ತದೆ. ನಲವತ್ತು ಜನರ ಎದುರು ನಿಂತು, ತಡವರಿಸದೆ, ಗೊತ್ತಿದ್ದದ್ದನ್ನು ತಿಳಿಯುವಂತೆ ಹೇಳುವುದು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ನೋಡಿ ಹೇಳ್ತೀನಿ’ ಎನ್ನುವುದು.

ಇನ್ನೊಂದು ಲಾಭವನ್ನು ಮಾರ್ಕ್ಸ್ ಕಾರ್ಡಿನಲ್ಲಿ ಬರೆಯಲಾಗದು. ಎಷ್ಟು ವರ್ಷ ಇಲ್ಲಿದ್ದರೂ ‘ಹೊರಗಿನವರು’ ಎಂಬ ಮಾತು, ಓಣಿಯ ಕಸಕ್ಕೆಲ್ಲ ನಮ್ಮವರೇ ಕಾರಣ ಎಂಬ ಮೂದಲಿಕೆ ಝುವಾರಿನಗರದ ಕನ್ನಡಿಗರ ಕಿವಿಗೆ ಹೊಸತಲ್ಲ. ಆ ಓಣಿಯಿಂದಲೇ ಬಂದ ಹುಡುಗಿ ಬೋಂಡ್ಲಾದಲ್ಲಿ ನಿಂತು ಗೋವೆಯ ಮಕ್ಕಳಿಗೆ ಗೋವೆಯ ಕಾಡನ್ನು ಪರಿಚಯಿಸಿದರೆ, ಅವಳನ್ನು ಹೊರಗಿನವಳು ಎನ್ನಲು ಯಾರಿಗೆ ಬಾಯಿ ಬಂದೀತು?

ಒಪ್ಪುವ ಮೊದಲು ಇದನ್ನು ಕೇಳಿ

* ಕಾಲೇಜಿನ ಇಂಟರ್ನ್‌ಶಿಪ್ ವಿಭಾಗದಿಂದ ಲಿಖಿತ ಒಪ್ಪಿಗೆ ಇದೆಯೇ? ಒಪ್ಪಿಗೆ ಇಲ್ಲದೆ ಮಾಡಿದ ಗಂಟೆಗೆ ಕ್ರೆಡಿಟ್ ಸಿಗದೆ ಹೋಗಬಹುದು.

* ಕೆಲಸ ಏನು, ಎಷ್ಟು ಹೊತ್ತು, ಯಾರ ಕೈಕೆಳಗೆ ಎಂಬುದು ಕಾಗದದಲ್ಲಿ ಇರಲಿ. ದಿನವೂ ಟಿಕೆಟ್ ಹರಿಯುವುದು, ಚಹಾ ತರುವುದೇ ಆದರೆ ಅದು ಪರಿಸರ ಶಿಕ್ಷಣವಲ್ಲ. ಗೈಡ್‌ಗೆ ತಿಳಿಸಿ.

* ಹೆಣ್ಣುಮಕ್ಕಳ ಮನೆಯವರು ಸಂಜೆಯ ಕೊನೆ ಬಸ್ಸು, ಉಳಿಯುವ ವ್ಯವಸ್ಥೆ ವಿಚಾರಿಸಿಕೊಳ್ಳಿ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯಿದೆ, 2013 ಪಗಾರವಿಲ್ಲದೆ ಕಲಿಯಲು ಬಂದವರಿಗೂ ಅನ್ವಯಿಸುತ್ತದೆ. 10 ಅಥವಾ ಹೆಚ್ಚು ಜನ ದುಡಿಯುವ ಕಡೆ ದೂರು ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆ ಎಂದು ಕೇಳುವುದು ನಿಮ್ಮ ಹಕ್ಕು.

* ಮಳೆಗಾಲದಲ್ಲಿ ಜಿಗಣೆ, ಹಾವು, ಜಾರುವ ದಾರಿ ಇರುತ್ತವೆ. ಉದ್ದ ಪ್ಯಾಂಟು, ಗಟ್ಟಿ ಬೂಟು ಬೇಕು. ಅಪಘಾತವಾದರೆ ಹೊಣೆ ಯಾರದು, ವಿಮೆ ಇದೆಯೇ ಎಂದು ತಿಳಿದುಕೊಳ್ಳಿ.

* ‘ಇಂಟರ್ನ್‌ಶಿಪ್ ಕೊಡಿಸ್ತೀವಿ’ ಎಂದು ದುಡ್ಡು ಕೇಳುವ ಏಜೆಂಟರಿಂದ ದೂರ ಇರಿ. ಕಾಲೇಜಿನ ಪತ್ರ ಹಿಡಿದು ನೇರವಾಗಿ ಹೋಗಿ.

* ಮೊದಲ ದಿನದಿಂದಲೇ ಡೈರಿ ಬರೆಯಿರಿ. ತಾರೀಖು, ಗಂಟೆ, ಮಾಡಿದ ಕೆಲಸ, ಮೇಲ್ವಿಚಾರಕರ ಸಹಿ. ಕೊನೆಗೆ ವರದಿ ಬರೆಯುವಾಗ ಇದೇ ಆಧಾರ.